ಪೈನ್ ಯಾಕೆ, ಕೇಪುಳ ಇಲ್ವಾ?

ಪ್ರಶ್ನೆ: ಜಪಾನಿನ ತೋಟಗಳಲ್ಲಿ ಪೈನ್ ಮರವನ್ನು ಮೋಡದ ಹಾಗೆ ಕತ್ತರಿಸಿರುತ್ತಾರಲ್ಲ, ಅದನ್ನು ನೋಡಿ ಆಸೆಯಾಗಿ ನರ್ಸರಿಯಿಂದ ಒಂದು ಪೈನ್ ಗಿಡ ತಂದು ನೆಟ್ಟೆ. ಮಳೆಗಾಲದಲ್ಲಿ ಹಳದಿಯಾಗಿ ಸೊರಗುತ್ತಿದೆ. ಏನು ಮಾಡಲಿ?
- ಓದುಗರು, ಬದಿಯಡ್ಕ

ಉತ್ತರ: ಅದರ ಆಸೆ ಬಿಡಿ. ಜಪಾನಿನ ಪೈನ್‌ಗೆ ಸರಿಯಾದ ಚಳಿಗಾಲ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಮ್ಮಲ್ಲಿ ಚಳಿ ಇಲ್ಲ, ಇನ್ನು ಆಟಿಯ ಮಳೆಗೆ ಬುಡ ಒಣಗುವ ಮಾತೆಲ್ಲಿ! ನಿಮಗೆ ಬೇಕಾದದ್ದು ಆಕಾರ ತಾನೇ? ಹೀಗೆ ಕತ್ತರಿಸಿ ಬೆಳೆಸಿದ ತೋಟದ ಮರಗಳಿಗೆ ಅಲ್ಲಿ ನಿವಾಕಿ ಅಂತಾರೆ, ಅಜೇಲಿಯಾದಂಥ ಹೂಗಿಡಗಳನ್ನೂ ಹಾಗೇ ಕತ್ತರಿಸುತ್ತಾರೆ. ಗುಡ್ಡೆಯ ಮುರಕಲ್ಲಿನ ಸಂದಿಯಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ, ಕೆಂಪು ಹೂಗೊಂಚಲಿನ ಕೇಪುಳಕ್ಕೆ (ಇಕ್ಸೋರ) ಕತ್ತರಿ ಹಾಕಿ, ಕಡಿದಷ್ಟೂ ಚಿಗುರುತ್ತದೆ. ಮರವೇ ಬೇಕೆಂದರೆ ಸಣ್ಣ ಎಲೆಯ ಫೈಕಸ್ (ಆಲದ ಜಾತಿಯ ಮರ) ಆಗಬಹುದು, ಆದರೆ ಬಾವಿ ಮತ್ತು ಮನೆಯ ಪಂಚಾಂಗದಿಂದ ದೂರ ನೆಡಿ, ಅದರ ಬೇರು ಸುಮ್ನೆ ಕೂರುವುದಲ್ಲ.

ಕೊಂಬೆ ಬಾಗಿಸಲು ತಂತಿ ಸುತ್ತಬೇಡಿ. ಮಳೆಗಾಲದಲ್ಲಿ ಕೊಂಬೆ ಬೇಗ ದಪ್ಪಗಾಗಿ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ. ಅಲ್ಲಿಯವರು ಬಿದಿರಿನ ಕೋಲು ಕೊಟ್ಟು ತಾಳೆ ನಾರಿನ ಹಗ್ಗದಲ್ಲಿ ಬಿಗಿಯುತ್ತಾರೆ. ನಮಗೆ ತೆಂಗಿನ ನಾರಿನ ಹಗ್ಗಕ್ಕೇನು ಬರವೇ?

ದಪ್ಪ ಕೊಂಬೆ ಕಡಿಯುವುದಾದರೆ ಮಳೆ ಬಿಟ್ಟ ಮೇಲೆ ಕಡಿಯಿರಿ, ಇಲ್ಲದಿದ್ದರೆ ಗಾಯಕ್ಕೆ ಬೂಸ್ಟು ಹಿಡಿದು ಕೊಳೆಯುತ್ತದೆ. ಅಡಿಕೆಗೆ ಮದ್ದು ಬಿಡುವ ಮನೆಯಲ್ಲಿ ಮೈಲುತುತ್ತು, ಸುಣ್ಣ ಇದ್ದೇ ಇರುತ್ತದಲ್ಲ. ತಲಾ 100 ಗ್ರಾಂ ತೆಗೆದುಕೊಂಡು ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕಲಸಿ, ಆಮೇಲೆ ಸೇರಿಸಿ, ಗಾಯಕ್ಕೆ ಬ್ರಷ್‌ನಲ್ಲಿ ಬಳಿಯಿರಿ. ಕಬ್ಬಿಣದ ಪಾತ್ರೆ ಮಾತ್ರ ಬೇಡ, ತುತ್ತು ಅದನ್ನು ತಿಂದುಹಾಕುತ್ತದೆ. ಪ್ಲಾಸ್ಟಿಕ್ ಬಕೆಟ್ ಸಾಕು.

ಪ್ರಶ್ನೆ: ಗೇಟಿನ ಹತ್ತಿರದ ಥೂಜಾ ಜಾಸ್ತಿ ಅಗಲವಾಯಿತೆಂದು ಒಳಗಿನವರೆಗೂ ಕತ್ತರಿಸಿದೆವು. ಆರು ತಿಂಗಳಾಯಿತು, ಕಂದು ಕಡ್ಡಿಗಳೇ ಕಾಣುತ್ತಿವೆ.
- ಓದುಗರು, ಹೊಸೂರು

ಉತ್ತರ: ನಿಮ್ಮ ಊರಿನ ತಂಪಿಗೆ ಥೂಜಾ ಒಗ್ಗುತ್ತದೆ, ತಪ್ಪು ಹವೆಯದ್ದಲ್ಲ. ಎಲೆಯೇ ಇಲ್ಲದ ಹಳೇ ಕಡ್ಡಿ ಮತ್ತೆ ಚಿಗುರುವುದು ಬಹಳ ಅಪರೂಪ. ಆ ಬೋಳು ಹಾಗೇ ಉಳಿಯುತ್ತದೆ ಅಂತಲೇ ಇಟ್ಟುಕೊಳ್ಳಿ, ಅಕ್ಕಪಕ್ಕದ ಹಸಿರು ಕೊಂಬೆಗಳನ್ನು ಎಳೆದು ಕಟ್ಟಿ ಮುಚ್ಚಬಹುದು. ಮುಂದೆ ಹಸಿರಿರುವ ತುದಿಯನ್ನಷ್ಟೇ ಕತ್ತರಿಸಿ.

ಪ್ರಶ್ನೆ: ಕಾಗದದ ಹೂವಿನ ಗಿಡವನ್ನು ಕೊಡೆಯ ಆಕಾರಕ್ಕೆ ತಂದಿದ್ದೇನೆ. ದಿನಾ ನೀರು, ವಾರಕ್ಕೊಮ್ಮೆ ಕತ್ತರಿ. ಹೂವೇ ಇಲ್ಲ!
- ಓದುಗರು, ಅಕ್ಕಲಕೋಟೆ

ಉತ್ತರ: ಹೂ ಬರುವುದು ಹೊಸ ಚಿಗುರಿನಲ್ಲಿ, ಅದನ್ನೇ ನೀವು ವಾರ ವಾರ ಕತ್ತರಿಸಿ ಎಸೆಯುತ್ತಿದ್ದೀರಿ. ಒಂದು ಸುತ್ತು ಹೂ ಮುಗಿಯುವವರೆಗೂ ಕತ್ತರಿ ಎತ್ತಿಡಿ. ನೀರೂ ದಿನಾ ಬೇಡ, ಮಣ್ಣು ಚೆನ್ನಾಗಿ ಒಣಗಿದ ಮೇಲೆ ಕೊಡಿ.