ಕಲ್ಲು ಒಡೆಯದೆ ಮಡಿಚಿಕೊಳ್ಳುವುದು ಹೇಗೆ?

‘ಮುಕ್ತಿನಾಥ ಯಾತ್ರೆಗೆ ಹೋದಾಗ ಜೋಮ್‌ಸೋಮ್ ಹತ್ತಿರ ಬೆಟ್ಟದ ಪದರಗಳು ಸೀರೆಯ ನೆರಿಗೆಯಂತೆ ಮಡಿಚಿಕೊಂಡಿದ್ದು ಕಂಡೆ. ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುವ ಕಲ್ಲು, ಭೂಖಂಡಗಳೇ ಡಿಕ್ಕಿ ಹೊಡೆದಾಗ ಏಕೆ ಪುಡಿಯಾಗಲಿಲ್ಲ? ನಮ್ಮ ದೇವರಮನೆಯ ಸಾಲಿಗ್ರಾಮವೂ ಅಲ್ಲಿಂದಲೇ ಬಂದದ್ದು. ಅದು ಹೇಗೆ ಉಳಿಯಿತು?’
– ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ:

ನಿಮ್ಮನ್ನು ದಾರಿ ತಪ್ಪಿಸಿದ್ದು ‘ಡಿಕ್ಕಿ’ ಎಂಬ ಪದ. ಪತ್ರಿಕೆಯವರಾದ ನಾವೇ ಅದನ್ನು ರೂಢಿಗೆ ತಂದೆವು. ನಡೆದದ್ದು ಲಾರಿಗೆ ಲಾರಿ ಗುದ್ದಿದಂಥ ಘಟನೆಯಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿದ ಭಾರತದ ನೆಲ ಇವತ್ತಿಗೂ ಅದನ್ನು ನೂಕುತ್ತಲೇ ಇದೆ. ಹಿಮಾಲಯದ ಅಡ್ಡಗಲ ಈಗಲೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಅದುಮಿಕೊಳ್ಳುತ್ತಿದೆ.

ಸುತ್ತಿಗೆಯ ಪೆಟ್ಟು ಒಂದು ಕ್ಷಣದ್ದು, ಕಲ್ಲೂ ತಣ್ಣಗಿರುತ್ತದೆ. ನೆಲದ ಆಳದಲ್ಲಿ ಹಾಗಲ್ಲ. ಮೇಲಿನ ಬಂಡೆಗಳ ಭಾರ ಎಲ್ಲ ಕಡೆಯಿಂದ ಬಿಗಿಯಾಗಿ ಒತ್ತಿ ಹಿಡಿದಿರುವುದರಿಂದ ಬಿರುಕು ಬಾಯಿ ಬಿಡುವುದು ಕಷ್ಟ. ಬಿಸಿ ಸುಮಾರು 300 ಡಿಗ್ರಿ ದಾಟಿದರೆ ಬೆಣಚುಕಲ್ಲಿನ ಹರಳುಗಳೊಳಗೆ ಪರಮಾಣುಗಳ ಸಾಲುಗಳು ಒಂದೊಂದಾಗಿ ಜಾರತೊಡಗುತ್ತವೆ. ಒಂದು ಬಂಧ ಕಳಚುತ್ತದೆ, ಪಕ್ಕದಲ್ಲೇ ಇನ್ನೊಂದು ಕೂಡಿಕೊಳ್ಳುತ್ತದೆ. ಕಲ್ಲು ಕರಗುವುದಿಲ್ಲ, ಗಟ್ಟಿಯಾಗಿದ್ದುಕೊಂಡೇ ಲಕ್ಷಾಂತರ ವರ್ಷಗಳಲ್ಲಿ ಆಕಾರ ಬದಲಿಸುತ್ತದೆ. ಸುಣ್ಣಕಲ್ಲಿಗೆ ಅಷ್ಟು ಬಿಸಿಯೂ ಬೇಡ, ನೀವು ಕಂಡ ನೆರಿಗೆಗಳಲ್ಲಿ ಅದರ ಪಾಲು ದೊಡ್ಡದು. ಅಂಥ ಬಂಡೆಗಳಲ್ಲಿ ಬಿಳಿ ಗೆರೆಗಳೂ ಕಾಣುತ್ತವೆ. ಬಾಗಲಾರದೆ ಬಿರಿದ ಕಡೆ ನೀರು ನುಗ್ಗಿ, ಕರಗಿಸಿ ತಂದ ಸುಣ್ಣವನ್ನು ತುಂಬಿದ ಗುರುತು ಅವು. ಬಾಗುವುದೂ ಬಿರಿಯುವುದೂ ಒಂದೇ ಬಂಡೆಯಲ್ಲಿ ನಡೆದಿದೆ.

ನೀವು ಹತ್ತಿದ ಕಾಳಿ ಗಂಡಕಿ ಕಣಿವೆಯ ದಾರಿಯೇ ಈ ಕಥೆಯನ್ನು ಹೇಳುತ್ತದೆ, ನನಗೆ ಅದೇ ಬಲು ಸೋಜಿಗ. ತಾತೋಪಾನಿ ದಾಟಿ ದಾನಾ ಊರಿನ ಸುತ್ತಮುತ್ತ ನೀವೊಂದು ದೊಡ್ಡ ಸ್ತರಭಂಗವನ್ನು, ಅಂದರೆ ಬಂಡೆಗಳು ಸೀಳಿ ಒಂದರ ಮೇಲೊಂದು ಜಾರಿದ ಬಿರುಕನ್ನು, ಹಾದು ಹೋಗಿದ್ದೀರಿ. ಅದರ ಮೇಲ್ಭಾಗದ ಬಂಡೆಗಳು ಒಮ್ಮೆ 30 ಕಿಲೋಮೀಟರ್‌ನಷ್ಟು ಆಳದಲ್ಲಿ, 600 ಡಿಗ್ರಿಗೂ ಮಿಕ್ಕಿದ ಬಿಸಿಯಲ್ಲಿ ಬೆಂದವು. ಆ ಆಳ, ಆ ಬಿಸಿ ಗೊತ್ತಾದದ್ದು ಅವುಗಳಲ್ಲಿ ಹುಟ್ಟಿದ ಗಾರ್ನೆಟ್, ಕಯನೈಟ್ ಹರಳುಗಳಿಂದ. ಸುಮಾರು 2 ಕೋಟಿ ವರ್ಷಗಳ ಹಿಂದೆ ಈ ಬೆಂದ ಬಂಡೆಗಳನ್ನು ನೂಕುಬಲವು ಕಡಿಮೆ ಬೆಂದ ಬಂಡೆಗಳ ಮೇಲೆ ಹತ್ತಿಸಿ ದಕ್ಷಿಣಕ್ಕೆ ತಂದಿತು. ಆಳದಲ್ಲಿರಬೇಕಾದದ್ದು ಮೇಲೆ, ಮೇಲಿರಬೇಕಾದದ್ದು ಕೆಳಗೆ! ಅಲ್ಲಿನ ಬಂಡೆಗಳಲ್ಲಿ ಅಭ್ರಕವೆಲ್ಲ (ಕಾಗೆಬಂಗಾರ) ಒಂದೇ ದಿಕ್ಕಿಗೆ ಮಲಗಿದೆ, ಬಂಡೆ ಹರಿದದ್ದರ ಗುರುತು ಅದು. ಕೆಲವು ಗಾರ್ನೆಟ್‌ಗಳು ಬೆಳೆಯುತ್ತಲೇ ಉರುಳುತ್ತವೆ. ಸುತ್ತಲಿನ ಕಣಗಳನ್ನು ಸುರುಳಿಯಾಗಿ ಒಳಗೆ ಸುತ್ತಿಕೊಂಡ ಗಾರ್ನೆಟ್ ಸಿಕ್ಕರೆ, ಬಂಡೆ ಯಾವ ಕಡೆ ಹರಿಯಿತೆಂದು ಭೂವಿಜ್ಞಾನಿಗಳು ಓದಿ ಹೇಳಬಲ್ಲರು.

ಮುಂದೆ ಜೋಮ್‌ಸೋಮ್ ಸೀಮೆಯದು ಟೆಥಿಸ್ ಎಂಬ ಹಳೆಯ ಸಮುದ್ರದ ತಳ. ಅಷ್ಟು ಆಳಕ್ಕೆ ಇಳಿಯದ ಕಾರಣ ಅಲ್ಲಿ ಮಡಿಕೆಗಳು ಹೆಚ್ಚು, ಬೇಯುವಿಕೆ ಕಡಿಮೆ.

ಮೇಲೆದ್ದ ಬಂಡೆ ತಣಿದಂತೆ ಮತ್ತೆ ಪೆಡಸಾಗುತ್ತದೆ. ನೂಕುಬಲ ಕಾಲಕ್ರಮೇಣ ದಕ್ಷಿಣದ ಹೊಸ ಸ್ತರಭಂಗಗಳಿಗೆ ಸರಿದಿದೆ. ಆಳದಲ್ಲಿ ಸದ್ದಿಲ್ಲದೆ ಜರುಗುವ ಬಂಡೆ ಮೇಲಿನ ತಣ್ಣನೆಯ ಭಾಗದಲ್ಲಿ ಸಿಕ್ಕಿಕೊಂಡು ಒಮ್ಮೆಲೇ ಜಾರಿದರೆ ಭೂಕಂಪ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆದದ್ದು ಅದೇ, ತೀವ್ರತೆ 7.8.

ಇನ್ನು ನಿಮ್ಮ ಸಾಲಿಗ್ರಾಮ. ಆ ಟೆಥಿಸ್ ಸಮುದ್ರತಳದ ಕೆಸರಿನಲ್ಲಿ ಹೂತ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಸುತ್ತ ಖನಿಜಗಳು ಗಟ್ಟಿಯಾಗಿ ಕಟ್ಟಿದ ಉಂಡೆ ಅದು. ಭೂಖಂಡಗಳು ತಾಗುವ ಮೊದಲೇ ಅದು ಅಲ್ಲಿತ್ತು. ಕೆಸರು ಮೆದುವಾದ ಕಪ್ಪು ಜೇಡಿಶಿಲೆಯಾಯಿತು. ಒತ್ತಡ ಬಂದಾಗ ಜರುಗಿದ್ದು, ಮಡಿಚಿದ್ದು ಹೆಚ್ಚಾಗಿ ಆ ಮೆದು ಶಿಲೆಯೇ. ಗಟ್ಟಿ ಉಂಡೆ ಅದರ ನಡುವೆ ಇಡಿಯಾಗಿ ಕೂತಿತ್ತು, ಗಂಡಕಿಯ ನೀರು ಶಿಲೆಯನ್ನು ಕೊರೆದು ಹೊರಗೆ ತರುವವರೆಗೆ.