ಭಾಗವತರು ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ!

ಪ್ರಶ್ನೆ: ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟದವರೆಗೆ ನನಗೆ ಮೊಬೈಲೇ ಗತಿ. ಮಳೆಗಾಲದಲ್ಲಿ ಅಡಿಕೆ ಸುಲಿಯುತ್ತಾ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಯಕ್ಷಗಾನ ಪದಗಳನ್ನು, ತಾಳಮದ್ದಳೆಗಳನ್ನು ಕೇಳುತ್ತೇನೆ. ಮಗ ಪೇಟೆಯಿಂದ 800 ರೂಪಾಯಿಯ ಇಯರ್‌ಫೋನ್ ತಂದುಕೊಟ್ಟಿದ್ದಾನೆ. ಪೆಟ್ಟಿಗೆಯ ಮೇಲೆ ಬಾಸ್ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಮದ್ದಳೆ ತಲೆಯೊಳಗೆ ಗುಡುಗುತ್ತದೆ, ಭಾಗವತರು ಮಾತ್ರ ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ. 2,000 ರೂಪಾಯಿಯ ಆಸುಪಾಸಿನಲ್ಲಿ ಯಾವುದು ಕೊಳ್ಳಲಿ? ಅರ್ಥಧಾರಿಗಳ ಒಂದಕ್ಷರವೂ ತಪ್ಪಿಹೋಗಬಾರದು.
– ಪೆರ್ಲದ ಓದುಗರು

ಉತ್ತರ: ಮಗನನ್ನು ಬೈಯಬೇಡಿ. ಆ ಇಯರ್‌ಫೋನು ತನಗೆ ಹೇಳಿದ ಕೆಲಸವನ್ನೇ ಮಾಡುತ್ತಿದೆ. ಕುಣಿತದ ಹಾಡು ಕೇಳುವವರಿಗೆಂದು ಅದರಲ್ಲಿ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನೆಲ್ಲ, ಅಂದರೆ ಬಾಸನ್ನು, ಎತ್ತಿ ಕೂರಿಸಿರುತ್ತಾರೆ. ಮಾತಿನ ಸ್ಪಷ್ಟತೆ ಇರುವುದು ಅದಕ್ಕಿಂತ ಬಹಳ ಮೇಲೆ. ಹಳೆಯ ತಂತಿ ಫೋನಿನಲ್ಲಿ ಹೆಚ್ಚುಕಡಿಮೆ 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ದಾಟಿ ಬರುತ್ತಿತ್ತು. ಆದರೂ ಬೊಂಬಾಯಿಯಲ್ಲಿದ್ದ ಭಾವನ ಮಾತು ನಮಗೆ ಅರ್ಥವಾಗುತ್ತಿತ್ತಲ್ಲ! ಕ, ತ, ಪಗಳ ಅಂಚು, ಅರ್ಥಧಾರಿ ಎದುರಾಳಿಯ ಮಾತನ್ನು ತಟ್ಟನೆ ಕತ್ತರಿಸುವ ಬಗೆ, ಎಲ್ಲವೂ ಆ ನಡುವಿನ ಪಟ್ಟಿಯಲ್ಲೇ ಇದೆ. ಕೆಳಗಿನ ಗುಡುಗು ಜೋರಾದರೆ ಇದು ಅದರಡಿ ಮುಚ್ಚಿಹೋಗುತ್ತದೆ.

ಹಣ ತೆಗೆಯುವ ಮೊದಲು ಒಂದು ಸಂಜೆ ಹೀಗೆ ಮಾಡಿ ನೋಡಿ. ಹೆಚ್ಚಿನ ಮೊಬೈಲುಗಳ ಧ್ವನಿ ಸೆಟ್ಟಿಂಗಿನಲ್ಲಿ ಈಕ್ವಲೈಸರ್ (ಕೆಳಗಿನ, ನಡುವಿನ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಗೆರೆಗಳು) ಇರುತ್ತದೆ. ಅದರ ಎಡತುದಿಯ ಒಂದೆರಡು ಗೆರೆಗಳನ್ನು ನಾಲ್ಕೈದು ಡೆಸಿಬೆಲ್ ಕೆಳಗೆಳೆದು ಅದೇ ಪದವನ್ನು ಮತ್ತೆ ಕೇಳಿ. ಭಾಗವತರು ಬಾವಿಯಿಂದ ಅರ್ಧ ಮೇಲೆ ಬಂದರೆ ನಿಮಗೆ ಬೇಕಾದದ್ದು ಏನೆಂದು ಖಚಿತವಾಯಿತು: ಬಾಸ್ ಹದವಾಗಿರುವ, ನಡುಸ್ವರ ಮುಂದಿರುವ ಇಯರ್‌ಫೋನು. ಪೂರ್ತಿ ಮೇಲೆ ಬಂದರೆ 2,000 ರೂಪಾಯಿ ಉಳಿಯಿತು.

ಹೊಸದನ್ನೇ ಕೊಳ್ಳುವುದಾದರೆ ನನ್ನ ಮೊದಲ ಆಯ್ಕೆ ಟಾಂಗ್‌ಜು ಕಂಪನಿಯ ವಾನರ್. ಅದರ ಸ್ವಭಾವ ಮೃದು, ಸ್ವಲ್ಪ ಬೆಚ್ಚಗೆ. ಕಂಠ ಹತ್ತಿರ ಕೇಳುತ್ತದೆ, ಮೇಲಿನ ಸ್ವರಗಳು ಚುಚ್ಚುವುದಿಲ್ಲ. ಕ್ಯಾಸೆಟ್ಟಿನಿಂದ ಇಳಿಸಿದ್ದನ್ನು ಕೇಳುವವರಿಗೆ ಇದು ಮುಖ್ಯ. ಟೇಪಿನ ‘ಸ್ಸ್’ ಎಂಬ ಹಿನ್ನೆಲೆ ಸದ್ದು ಎದ್ದು ಕೇಳುವುದು ಮೇಲಿನ ಸ್ವರಗಳಲ್ಲಿ. ಅವನ್ನು ಎತ್ತಿ ತೋರಿಸುವ ಇಯರ್‌ಫೋನಿನಲ್ಲಿ ಹಳೆಯ ಪದ ಕೇಳಿದರೆ ಹೊರಗೂ ಮಳೆ, ಒಳಗೂ ಮಳೆ. ತಾಳಮದ್ದಳೆಯೇ ಹೆಚ್ಚು, ಅದೂ ಇತ್ತೀಚಿನ ಒಳ್ಳೆಯ ಧ್ವನಿಮುದ್ರಣಗಳು ಎನ್ನುವುದಾದರೆ ಸೆವೆನ್ ಹರ್ಟ್ಸ್ ಕಂಪನಿಯ ಸಾಲ್‌ನೋಟ್ಸ್ ಝೀರೋ ನೋಡಿ. ಅದರಲ್ಲಿ ಬಾಸ್ ಇನ್ನೂ ಸಂಯಮದ್ದು, ಮಾತು ತೊಳೆದಿಟ್ಟಂತೆ ಬರುತ್ತದೆ. ಎರಡನೆಯ ಆವೃತ್ತಿಯಾದ ಝೀರೋ 2ರಲ್ಲಿ ಬಾಸ್ ಹೆಚ್ಚಿಸಿದ್ದಾರೆ. ನಿಮಗೆ ಹಳೆಯದೇ ಸರಿ. ಎರಡೂ ನಿಮ್ಮ ಬೆಲೆಯ ಆಸುಪಾಸಿನಲ್ಲೇ ಇವೆ.

ತಂದ ಮೇಲೆ ಮಾಡಬೇಕಾದ ಪರೀಕ್ಷೆ ಒಂದೇ. ಭಾಗವತಿಕೆ, ಚೆಂಡೆ, ಮದ್ದಳೆ, ಚಕ್ರತಾಳ ಎಲ್ಲ ಒಟ್ಟಿಗೆ ಇರುವ ಒಂದು ಏರುಪದ ಹಾಕಿ. ಚೆಂಡೆಯ ಪೆಟ್ಟು ಚುರುಕಾಗಿ ಬಿದ್ದು, ಚಕ್ರತಾಳ ಕಿವಿಯನ್ನು ಕೊರೆಯದೆ, ಸಾಹಿತ್ಯ ಅರ್ಥವಾಗುತ್ತಿದ್ದರೆ ಸಾಕು. ತೆಂಕುತಿಟ್ಟಿನ ಹಿಮ್ಮೇಳಕ್ಕಿಂತ ಕಠಿಣವಾದ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ ಎಂಬುದು ನನ್ನ ಪಕ್ಷಪಾತದ ಮಾತು.

ಇನ್ನು ಟಿಪ್, ಅಂದರೆ ಇಯರ್‌ಫೋನಿನ ಬಾಯಿಗೆ ಹಾಕುವ ಮೆತ್ತನೆಯ ತೊಪ್ಪಿ. ವರ್ಷಗಳ ಹಿಂದೆ ನಾನು ಎಲ್ಲರೂ ಹೊಗಳಿದ ಒಂದು ಇಯರ್‌ಫೋನನ್ನು ‘ಸೊಪ್ಪೆ, ಜೀವವೇ ಇಲ್ಲ’ ಎಂದು ಮೂಲೆಗೆಸೆದಿದ್ದೆ. ತಪ್ಪು ನನ್ನದೇ. ಜೊತೆಗೆ ಬಂದಿದ್ದ ಮೂರು ಅಳತೆಯ ಸಿಲಿಕೋನ್ ಟಿಪ್‌ಗಳಲ್ಲಿ ನಡುವಿನದನ್ನು ಹಾಕಿಕೊಂಡಿದ್ದೆ, ಅದು ನನ್ನ ಬಲಗಿವಿಗೆ ಸಣ್ಣದಾಗಿತ್ತು. ಕಿವಿಯೊಳಗೆ ಕೂರುವ ಇಯರ್‌ಫೋನಿನಲ್ಲಿ ಟಿಪ್ ಗಾಳಿ ಸೋರದಂತೆ ಕೂರದಿದ್ದರೆ ಮೊದಲು ಸೋರಿಹೋಗುವುದೇ ಬಾಸ್. ಈಗ ಎಡಕ್ಕೆ ನಡುವಿನದು, ಬಲಕ್ಕೆ ದೊಡ್ಡದು. ನಿಮ್ಮ ಎರಡು ಕಿವಿಗಳೂ ಒಂದೇ ಅಳತೆಯವು ಎಂದು ನಂಬಬೇಡಿ. ಬೆರಳಿನಿಂದ ಮೆಲ್ಲನೆ ಒಳಕ್ಕೆ ಒತ್ತಿ ನೋಡಿ. ಒತ್ತಿದಾಗ ಮಾತ್ರ ಮದ್ದಳೆಗೆ ತುಂಬು ಬಂದರೆ ಟಿಪ್ ಬದಲಿಸಬೇಕು ಎಂದರ್ಥ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಶ್ರಮ ಬೇಡ. 40,000 ಹರ್ಟ್ಸ್ ಎಂದು ಬರೆದಿರುತ್ತಾರೆ. ಎಳೆಯ ಕಿವಿಯ ಮಿತಿಯೇ ಸುಮಾರು 20,000, ನಮ್ಮ ನಿಮ್ಮ ವಯಸ್ಸಿಗೆ ಅದೂ ಇಲ್ಲ. ‘ನಾಲ್ಕು ಡ್ರೈವರ್, ಆರು ಡ್ರೈವರ್’ (ಡ್ರೈವರ್ ಎಂದರೆ ಒಳಗಿರುವ ಪುಟ್ಟ ಸ್ಪೀಕರ್) ಎಂಬುದೂ ಹಾಗೆಯೇ. ನಾನು ಹೇಳಿದ ಎರಡರಲ್ಲೂ ಕಿವಿಗೊಂದೊಂದೇ ಡ್ರೈವರ್ ಇರುವುದು.

ಪ್ರಶ್ನೆ: ಮಂಜೇಶ್ವರದಿಂದ ದಿನಾ ರೈಲಿನಲ್ಲಿ ಮಂಗಳೂರಿನ ಕಾಲೇಜಿಗೆ ಹೋಗುತ್ತೇನೆ. ಕನ್ನಡ, ಮಲಯಾಳಂ ಸಿನಿಮಾ ಹಾಡುಗಳು, ಬೀಟ್ ಇರುವಂಥವು ಇಷ್ಟ. ಅಪ್ಪ 2,000ಕ್ಕಿಂತ ಹೆಚ್ಚು ಕೊಡುವುದಿಲ್ಲ. ಗೆಳತಿಯರೆಲ್ಲ ವೈರ್‌ಲೆಸ್ ಎನ್ನುತ್ತಾರೆ. ನನ್ನ ಫೋನಿನಲ್ಲಿ ಇಯರ್‌ಫೋನಿನ ತೂತೂ ಇಲ್ಲ.
– ಮಂಜೇಶ್ವರದ ವಿದ್ಯಾರ್ಥಿನಿ

ಉತ್ತರ: ಫೋನಿನಲ್ಲಿ ಮಾತನಾಡುವುದೇ ಹೆಚ್ಚಾದರೆ ಗೆಳತಿಯರ ಮಾತು ಕೇಳಿ. ಹಾಡಿಗಾದರೆ ನಾನು ವೈರಿನ ಕಡೆ. ವೈರ್‌ಲೆಸ್‌ನಲ್ಲಿ ನೀವು ಕೊಡುವ ಹಣ ಬ್ಯಾಟರಿಗೆ, ಬ್ಲೂಟೂತ್‌ಗೆ, ಡಬ್ಬಿಗೆ ಹಂಚಿಹೋಗುತ್ತದೆ. ಆ ಪುಟ್ಟ ಬ್ಯಾಟರಿ ಮುದಿಯಾದ ದಿನ ಎಲ್ಲವೂ ಕಸ. ವೈರಿನದರಲ್ಲಿ ಮೊದಲು ಕೈಕೊಡುವುದು ಕೇಬಲ್. ಆದ್ದರಿಂದ ಕೇಬಲ್ ಕಳಚಿ ಬದಲಿಸಲು ಬರುವಂಥದ್ದನ್ನೇ ಆರಿಸಿ.

ನಿಮ್ಮ ರುಚಿಗೆ ಮೂನ್‌ಡ್ರಾಪ್ ಚು 2 ಹೊಂದುತ್ತದೆ. ಮೊದಲ ಚುವಿನ ಕೇಬಲ್ ಕಳಚುತ್ತಿರಲಿಲ್ಲ, ಬಾಸೂ ಕಡಿಮೆಯಿತ್ತು. ಎರಡನ್ನೂ ಇದರಲ್ಲಿ ತಿದ್ದಿದ್ದಾರೆ. ಇನ್ನೂ ಅಬ್ಬರ ಬೇಕೆಂದರೆ ಕೆಝಡ್ ಕಂಪನಿಯ ಝಡ್‌ಎಸ್‌ಎನ್ ಪ್ರೊ ಎಕ್ಸ್ ಇದೆ. ಅದರಲ್ಲಿ ಕೆಳಗೂ ಜೋರು, ಮೇಲೂ ಜೋರು, ಗಾಯಕಿ ಒಂದು ಹೆಜ್ಜೆ ಹಿಂದೆ. ಒಂದು ಹಾಡಿಗೆ ಮೋಜು, ಹತ್ತನೆಯದಕ್ಕೆ ನನ್ನ ಕಿವಿ ದಣಿಯುತ್ತದೆ. ನಿಮ್ಮದು ಎಳೆಯ ಕಿವಿ, ನಿಮ್ಮಿಷ್ಟ. ತೂತಿಲ್ಲದ ಫೋನಿಗೆ ಟೈಪ್-ಸಿ ಅಡಾಪ್ಟರ್ ಬೇಕು. ಕೊಳ್ಳುವಾಗ ‘ಒಳಗೆ ಡಿಎಸಿ ಚಿಪ್ ಇದೆಯೇ’ ಎಂದು ಕೇಳಿ; ಫೋನಿನ ಡಿಜಿಟಲ್ ಅಂಕಿಗಳನ್ನು ಇಯರ್‌ಫೋನಿಗೆ ಬೇಕಾದ ಧ್ವನಿಸಂಕೇತವಾಗಿ ಬದಲಿಸುವುದು ಅದೇ. ಚಿಪ್ ಇಲ್ಲದ ಅಗ್ಗದವು ಕೆಲವು ಫೋನುಗಳಲ್ಲಿ ಉಸಿರೇ ಎತ್ತುವುದಿಲ್ಲ.

ರೈಲಿನ ಬಗ್ಗೆ ಎರಡು ಮಾತು. ನೇತ್ರಾವತಿ ಸೇತುವೆಯ ಮೇಲೆ ಬೋಗಿ ಗಡಗಡಿಸುವಾಗ ವಾಲ್ಯೂಮ್ ಏರಿಸುವ ಬೆರಳು ತಾನಾಗಿಯೇ ಮುಂದಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. (ಪೆರ್ಲದವರೂ ಗಮನಿಸಲಿ: ಎಂಟು ಗಂಟೆಯ ಇಡೀ ರಾತ್ರಿಯ ಆಟವನ್ನು 90ರಲ್ಲಿ ಕೇಳಿದರೆ ಎರಡು ವಾರದ ಪಾಲು ಮುಗಿಯಿತು.) ಹಾಗಾಗಿ ಬಿಗಿಯಾಗಿ ಕೂರುವ ಟಿಪ್, ಸಾಧ್ಯವಾದರೆ ಫೋಮಿನದು, ಹಾಕಿಕೊಳ್ಳಿ. ಹೊರಗಿನ ಸದ್ದು ತಗ್ಗುತ್ತದೆ, ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಇಳಿದು ಹಳಿಯ ಹತ್ತಿರ ನಡೆಯುವಾಗ ಮಾತ್ರ ಎರಡೂ ಕಿವಿಯಿಂದ ತೆಗೆದು ಚೀಲಕ್ಕೆ ಹಾಕಿ.

ಪ್ರಶ್ನೆ: ಜುಲೈಯಲ್ಲಿ ಕೊಂಡ ಇಯರ್‌ಫೋನಿನ ಎಡಗಡೆ ಈಗಲೇ ಸದ್ದು ಕಡಿಮೆಯಾಗಿದೆ. ಹಾಳಾಯಿತೇ?
– ನೀರ್ಚಾಲಿನ ಓದುಗರು

ಉತ್ತರ: ಮೊದಲು ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ನೋಡಿ. ಆಗಲೂ ಎಡಗಿವಿಯಲ್ಲೇ ಕಡಿಮೆ ಕೇಳಿದರೆ ಇಯರ್‌ಫೋನು ಸರಿ ಇದೆ, ಕಿವಿಯ ವೈದ್ಯರಿಗೆ ತೋರಿಸಿ; ಗುಗ್ಗೆ ತುಂಬಿರಬಹುದು. ಕಡಿಮೆ ಸದ್ದು ಆ ತುಂಡಿನ ಜೊತೆಗೇ ಬಲಗಿವಿಗೆ ಬಂದರೆ ಟಿಪ್ ಕಳಚಿ, ಕೊಳವೆಯ ಬಾಯಿಯಲ್ಲಿರುವ ಸಣ್ಣ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೆವರು, ತೇವ, ಗುಗ್ಗೆ ಮೂರೂ ಸೇರಿ ಅದನ್ನು ಮುಚ್ಚಿಬಿಡುತ್ತವೆ. ಬಾಯಿಯನ್ನು ಕೆಳಮುಖವಾಗಿ ಹಿಡಿದು ಒಣ, ಮೃದುವಾದ ಬ್ರಷ್‌ನಿಂದ ತಿಕ್ಕಿ. ಪಿನ್ನು ಚುಚ್ಚಬೇಡಿ, ಊದಬೇಡಿ. ಆಮೇಲೆ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿ ಎರಡು ರಾತ್ರಿ ಇಡಿ. ಆಗಲೂ ಸರಿಯಾಗದಿದ್ದರೆ, ಕೇಬಲ್ ಕಳಚಲು ಬರುವುದಾದರೆ, ಎಡಬಲ ತಂತಿಗಳನ್ನು ಅದಲುಬದಲು ಮಾಡಿ. ದೋಷವೂ ಬದಿ ಬದಲಿಸಿದರೆ ಹೋದದ್ದು ತಂತಿ ಮಾತ್ರ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.