ಪ್ಲೈವುಡ್ ಕಪಾಟಿಗೆ ಬಣ್ಣ: ಅರ್ಧ ಕೆಲಸ ಅಂಚಿನಲ್ಲೇ ಇದೆ

ಪ್ರಶ್ನೆ: ನಮಸ್ಕಾರ ಸರ್. ನಾವು ಧಾರವಾಡದ ಸಪ್ತಾಪುರದವರು. ಮಗಳ ಪುಸ್ತಕಕ್ಕೆ ಅಂತ ಪ್ಲೈವುಡ್ ಕಪಾಟು ಮಾಡಿಸಿ, ಜುಲೈನಲ್ಲಿ ನಾನೇ ಆಯಿಲ್ ಪೇಂಟ್ ಹಚ್ಚಿದೆ. ಎರಡು ದಪ್ಪ ಕೋಟ್ ಕೊಟ್ಟರೂ ಅಂಚಿನಲ್ಲಿ ಪದರ ಎದ್ದು ಕಾಣುತ್ತಿವೆ. ತಿಂಗಳಾದರೂ ಕೈಗೆ ಅಂಟುತ್ತದೆ, ಪುಸ್ತಕದ ರಟ್ಟು ಕಿತ್ತು ಬರುತ್ತಿದೆ. ಇನ್ನೊಂದು ಕೋಟ್ ಹೊಡೆದರೆ ಸರಿ ಹೋಗುತ್ತಾ?

ಉತ್ತರ: ದಯವಿಟ್ಟು ಹೊಡೆಯಬೇಡಿ, ಇನ್ನೂ ಕೆಡುತ್ತದೆ.

ಆಯಿಲ್ ಪೇಂಟ್ ಬರೀ ಟರ್ಪೆಂಟೈನ್ ಹಾರಿಹೋಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಧಾರವಾಡದ ಜುಲೈ ಅಂದರೆ ಜಿಟಿಜಿಟಿ ಮಳೆ, ತಂಪು, ಮುಚ್ಚಿದ ಕಿಟಕಿ. ಅದರಲ್ಲಿ ದಪ್ಪ ಕೋಟ್ ಹಚ್ಚಿದರೆ ಮೇಲೊಂದು ತೊಗಲು ಕಟ್ಟುತ್ತದೆ, ಒಳಗಿನದು ಹಸಿಯಾಗೇ ಉಳಿಯುತ್ತದೆ. ಮೊದಲು ಪುಸ್ತಕ ತೆಗೆದು, ಕಪಾಟನ್ನು ಗಾಳಿಯಾಡುವ ಕೋಣೆಗೆ ತಂದು, ಒಂದೆರಡು ವಾರ ಫ್ಯಾನ್ ಹಾಕಿ ಬಿಡಿ. ಆಮೇಲೂ ಉಗುರು ಒತ್ತಿದರೆ ಗುರುತು ಬೀಳುತ್ತಾ? ಹಾಗಾದರೆ ಆ ಬಣ್ಣ ಕೆರೆದೇ ತೆಗೆಯಬೇಕು, ಬೇರೆ ದಾರಿಯಿಲ್ಲ. ಮೆತ್ತಗಿರುವಾಗ ಉಜ್ಜಲು ಹೋಗಬೇಡಿ, ಸ್ಯಾಂಡ್ ಪೇಪರ್‌ಗೆ ಬಣ್ಣ ಮೆತ್ತಿಕೊಂಡು ಅದೂ ಹಾಳಾಗುತ್ತದೆ.

ಈಗ ಅಂಚಿನ ವಿಷಯ. ಜನ ಹಲಗೆಯ ಮುಖಕ್ಕೆ ದಿನವೆಲ್ಲ ಕಳೆಯುತ್ತಾರೆ, ಅಂಚಿಗೆ ಸುಮ್ನೆ ಒಂದು ಬ್ರಷ್ ಎಳೆದು ಬಿಡುತ್ತಾರೆ. ಆದರೆ ಪ್ಲೈವುಡ್ಡಿನ ನಾರಿನ ತುದಿಗಳು ಬಾಯಿ ತೆರೆದುಕೊಂಡಿರುವುದು ಅಲ್ಲೇ, ನೀವು ಎಷ್ಟು ಪೇಂಟ್ ಕೊಟ್ಟರೂ ಅದು ಕುಡಿಯುತ್ತಲೇ ಇರುತ್ತದೆ. ಹಾಗಾಗಿ ಅಂಚನ್ನು 120 ನಂಬರ್ ಪೇಪರಿನಿಂದ ಮರ ಕಾಣುವವರೆಗೆ ಉಜ್ಜಿ, ವುಡ್ ಪ್ರೈಮರ್ ಸ್ವಲ್ಪ ತೆಳು ಮಾಡಿ ಕುಡಿಸಿ, ಒಣಗಿದ ಮೇಲೆ ಮರಕ್ಕೆಂದೇ ಬರುವ ಪುಟ್ಟಿಯನ್ನು ಸಂದುಗಳಲ್ಲಿ ಒತ್ತಿ ತುಂಬಿ. ಪುಟ್ಟಿ ಒಣಗುವಾಗ ಕುಗ್ಗುತ್ತದೆ, ಆದ್ದರಿಂದ ಎರಡು ಸಲ ತುಂಬಬೇಕಾಗಬಹುದು. ನಂತರ 180, 220 ಪೇಪರ್ ಹಿಡಿದು ನುಣುಪು ಮಾಡಿ ಮತ್ತೊಮ್ಮೆ ಪ್ರೈಮರ್. ಮನೆಯಲ್ಲಿ ಉಳಿದಿರುವ ಗೋಡೆ ಪುಟ್ಟಿ ಮಾತ್ರ ಬೇಡ. ಅದು ಸಿಮೆಂಟಿನ ಜಾತಿ. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತಲೇ ಇರುತ್ತದೆ ಅಲ್ವಾ, ಆಗ ಈ ಪುಟ್ಟಿ ಬಿರಿದು ಉದುರುತ್ತದೆ.

ಮುಖದ ಮೇಲೆ ಕೈ ಹಗುರ ಇರಲಿ. ಅಲ್ಲಿನ ಮೇಲ್ಪದರ ಬಹಳ ತೆಳು, ಮೆಷಿನ್ ಹಿಡಿದರೆ ಕ್ಷಣದಲ್ಲಿ ಕೆಳಗಿನ ಪದರ ಕಾಣುತ್ತದೆ. ನಾರಿನ ಉದ್ದಕ್ಕೇ ಉಜ್ಜಿ, ಅಡ್ಡ ಬೇಡ. ಮಾಸ್ಕ್ ಹಾಕಿಕೊಳ್ಳಿ.

ಬಣ್ಣ ತೆಳುವಾಗಿ ಮೂರು ಕೋಟ್. ಎರಡು ಕೋಟ್ ನಡುವೆ ಒಂದು ರಾತ್ರಿಯಾದರೂ ಬಿಟ್ಟು, 320 ಪೇಪರ್ ಹಗುರಾಗಿ ಆಡಿಸಿ, ಧೂಳು ಒರೆಸಿ. ಹಿಂಬದಿಗೂ ತಳಕ್ಕೂ ಪ್ರೈಮರ್ ಬೇಕೇ ಬೇಕು. ನೆಲ ಒರೆಸಿದ ನೀರು ಮೊದಲು ಏರುವುದು ತಳದ ಅಂಚಿಗೆ. ಬಿಡಿ ಹಲಗೆಗೆ ಒಂದೇ ಮಗ್ಗುಲು ಬಣ್ಣ ಕೊಟ್ಟರೆ ಅದು ಬಾಗುತ್ತದೆ. ಇದನ್ನೆಲ್ಲ ಮಳೆ ನಿಂತ ಮೇಲೆ, ಅಕ್ಟೋಬರ್-ನವೆಂಬರ್‌ನ ಒಣ ಹವೆಯಲ್ಲಿ ಮಾಡಿ.

ಇನ್ನೊಂದು ಮಾತು. ಪುಸ್ತಕ ಇಡುವ ಹಲಗೆಗೆ ನಾನು ಆಯಿಲ್ ಪೇಂಟ್‌ಗಿಂತ ನೀರಿನ ಪಿಯು (ಪಾಲಿಯುರೆಥೇನ್) ಪೇಂಟೇ ಮೇಲು ಅನ್ನುತ್ತೇನೆ. ರೇಟು ಜಾಸ್ತಿ, ಆದರೆ ಬೇಗ ಗಟ್ಟಿಯಾಗುತ್ತದೆ, ಪುಸ್ತಕ ಅಂಟುವ ಕಾಟ ಕಡಿಮೆ. ಯಾವುದೇ ಹಚ್ಚಿದರೂ ಕೊನೆಯ ಕೋಟ್ ಆಗಿ ಎರಡು-ಮೂರು ವಾರ ಕಪಾಟು ಖಾಲಿ ಇರಲಿ. ಮಕ್ಕಳ ಸಾಮಾನಿಗೆ ಅಟ್ಟದ ಮೇಲಿನ ಹಳೇ ಡಬ್ಬಿ ತೆಗೆಯಬೇಡಿ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ.

ಪ್ರಶ್ನೆ: ಗದಗಿನಲ್ಲಿ ಹೊಸ ಮನೆ. ಅಡುಗೆಮನೆ ಸಿಂಕಿನ ಕೆಳಗೆ ಸಾದಾ ಪ್ಲೈವುಡ್ ಹಾಕಿ, ಒಳ್ಳೆ ಪೇಂಟ್ ಹೊಡೆದರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ. ಹಲಗೆಯ ಮೇಲಿನ ಮುದ್ರೆ ನೋಡಿ. ಐಎಸ್ 303 (ಸಾದಾ ಪ್ಲೈವುಡ್ಡಿನ ಭಾರತೀಯ ಮಾನಕ) ಜೊತೆಗೆ ಎಂಆರ್, ಅಂದರೆ ಮಾಯಿಶ್ಚರ್ ರೆಸಿಸ್ಟೆಂಟ್, ಅಂತಿದ್ದರೆ ಅದು ಗಾಳಿಯ ತೇವ ತಡೆಯುತ್ತದೆ, ನಿಂತ ನೀರನ್ನಲ್ಲ. ಸಿಂಕಿನ ಕೆಳಗೆ ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ಡೇ ಬೇಕು. ಪದರಗಳನ್ನು ಹಿಡಿದಿರುವುದು ಒಳಗಿನ ಅಂಟು, ಅದನ್ನು ಮೇಲಿನ ಪೇಂಟ್ ಬದಲಿಸಲಾರದು. ಆ ಹಲಗೆಯಲ್ಲೂ ಪೈಪ್‌ಗೆಂದು ಕೊರೆದ ತೂತಿನ ಒಳಬದಿಗೆ ಎರಡು ಕೋಟ್ ಪ್ರೈಮರ್ ಹಚ್ಚಿಸಿ, ಪೈಪ್ ಕೂರಿಸುವ ಮೊದಲೇ.